ತಾಯಮ್ಮತ್ತೆಯ ಚಪ್ಪಲಿಗೆ ಗೆಜ್ಜೆ

ನನ್ನ ಸೋದರತ್ತೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ನಾನು ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತು ಅವಳ ಚಪ್ಪಲಿಗೆ ಹರಳೆಣ್ಣೆ ಹಚ್ಚುತ್ತಿದ್ದೆ. ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಬೇಕು, ಆಮೇಲೆ ಪಟ್ಟಿಯ ಸಂದಿಗೆಲ್ಲ ಬೆರಳಲ್ಲಿ ಎಣ್ಣೆ ತಿಕ್ಕಬೇಕು, ಕೊನೆಗೆ ಎಳೆಬಿಸಿಲಿಗೆ ಗೋಡೆಗೆ ಒರಗಿಸಿಡಬೇಕು. ದಿನವೂ ಈ ಕೆಲಸ ನಡೆಯುವಾಗ ಅತ್ತೆ ಊರಿನ ಸುದ್ದಿಯನ್ನೆಲ್ಲ ಹರಡಿಕೊಂಡು ಕೂರುತ್ತಿದ್ದಳು. ಅವತ್ತು ತುಟಿ ಬಿಚ್ಚಲಿಲ್ಲ. ನಾನಂತೂ ಮಾತಾಡುವವಳೇ ಅಲ್ಲ. ಎಣ್ಣೆ ಬಟ್ಟಲು ಕಲ್ಲಿಗೆ ತಾಗುವ ಸದ್ದು ಕೂಡ ಕೇಳುತ್ತಿತ್ತು.

ಬೇರೆ ಕಾಲು ಹೊಕ್ಕ ಚಪ್ಪಲಿ ಎಣ್ಣೆ ಹಚ್ಚುವವರಿಗೆ ಗೊತ್ತಾಗುತ್ತದೆ. ಹೆಬ್ಬೆರಳಿನ ಉಂಗುರ ಸ್ವಲ್ಪ ಸಡಿಲವಾಗಿರುತ್ತದೆ, ಹಿಮ್ಮಡಿಯ ಗುಳಿ ಪಕ್ಕಕ್ಕೆ ಸರಿದಿರುತ್ತದೆ. ಅತ್ತೆಯ ಚಪ್ಪಲಿಯಲ್ಲಿ ಉಂಗುರ ಬಿಗಿಯಾಗಿಯೇ ಇತ್ತು, ಗುಳಿ ಇದ್ದಲ್ಲೇ ಇತ್ತು. ನೋಡಿದೆ, ಮತ್ತೆ ಎಣ್ಣೆಗೆ ಬೆರಳು ಅದ್ದಿದೆ.

ನಮ್ಮೂರಿನಲ್ಲಿ ಯಾರ ಚಪ್ಪಲಿ ಮೆಟ್ಟಿರುತ್ತೀರೋ ಊರಿನ ಕಣ್ಣಿಗೆ ನೀವು ಅವರೇ. ಅಂಗಡಿಯವನು ಕಾಲು ನೋಡಿ ಸಾಮಾನು ಕೊಡುತ್ತಾನೆ, ಬೀಗರು ಕಾಲು ನೋಡಿ ಕೈಮುಗಿಯುತ್ತಾರೆ. ಕಾಲು ನೋಡಿದ ಮೇಲೆ ಮುಖವೂ ಅವರದೇ ಕಾಣುತ್ತದೆ, ದನಿಯೂ ಅವರದೇ ಕೇಳುತ್ತದೆ. ಬರಿಗಾಲಲ್ಲಿ ಬಂದವರನ್ನು ಕೂರಿಸಿ, ನೀರು ಕೊಟ್ಟು, "ಯಾವೂರಾಯ್ತು?" ಎಂದು ವಿಚಾರಿಸುತ್ತಾರೆ, ಎದುರುಮನೆಯವರೇ ಆಗಿದ್ದರೂ ಸರಿ. ಒಂದೇ ಒಲೆಯ ಅನ್ನ ಉಂಡು ಬಾಳಿದವರಿಗೆ ಮಾತ್ರ ಬರಿಗಾಲಿನ ಗುರುತು ಹತ್ತುತ್ತದೆ. ನನಗೆ ಅತ್ತೆ, ಅತ್ತೆಗೆ ನಾನು. ನಮ್ಮ ಒಲೆಯ ಮುಂದೆ ಇರುವವರು ಇಬ್ಬರೇ.

ಅತ್ತೆಯ ಚಪ್ಪಲಿ ಎಂದರೆ ಊರಿಗೆಲ್ಲ ಗೌರವ. ಮದುವೆಯಿರಲಿ, ನಾಮಕರಣವಿರಲಿ, ತಾಯಮ್ಮ ಬಂದು, ಹುಳಿಯ ಹಂಡೆಯಿಂದ ಅಂಗೈಗೆ ಒಂದು ಗುಟುಕು ಹಾಕಿಸಿಕೊಂಡು, ಕಣ್ಣು ಮುಚ್ಚಿ ಕುಡಿದು, "ಬಡಿಸಿ" ಅನ್ನುವ ತನಕ ಎಲೆಯ ಮೇಲೆ ಏನೂ ಬೀಳುವುದಿಲ್ಲ. ಅವಳು "ಸ್ವಲ್ಪ ತಡೀರಿ" ಅಂದರೆ ವರನ ಅಪ್ಪನೂ ತಡೆಯಬೇಕು. ಅವಳಿಗೆ ಆ ಒಂದು ಮಾತೇ ಬದುಕು. ಮನೆಯಲ್ಲಿ ಒಡವೆಯಿಲ್ಲ, ಹೊಲವಿಲ್ಲ, ಆದರೆ ಅತ್ತೆ ಬೀದಿಗೆ ಇಳಿದರೆ ಜಗಲಿಯ ಮೇಲೆ ಕಾಲು ಚಾಚಿದವರು ಮಡಿಸಿಕೊಳ್ಳುತ್ತಿದ್ದರು.

ಅಂಥವಳು ಹೋದ ವಾರ ಕುಂಬಾರ ಬೀದಿಯ ನಾಮಕರಣದಲ್ಲಿ ಉಪ್ಪೇ ಬೀಳದ ಹುಳಿಗೆ "ಬಡಿಸಿ" ಅಂದುಬಿಟ್ಟಿದ್ದಳು. ತಾಯಮ್ಮ ಒಪ್ಪಿದ ಹುಳಿ ಎಂದು ಎಲ್ಲರೂ ತಲೆ ಬಗ್ಗಿಸಿ ಉಂಡರು. ತಮ್ಮ ಬಾಯೇ ಕೆಟ್ಟಿರಬೇಕು ಎಂದುಕೊಂಡು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೈ ತೊಳೆಯುವಾಗ ಯಾರೋ ಬಾಯಿ ಬಿಟ್ಟರು, ಆಮೇಲೆ ಇಡೀ ಬೀದಿ ಬಿಟ್ಟಿತು. ವಿಚಾರಿಸಲು ಬಂದವರಿಗೆ ಅತ್ತೆ ಸೆರಗು ಕೊಡವಿ ಹೇಳಿದಳು: "ನಾನೆಲ್ಲಿ ಬಂದಿದ್ದೆ? ಬಳೆ ಅಂಗಡಿ ಹೊರಗೆ ಚಪ್ಪಲಿ ಬಿಟ್ಟಿದ್ದೆ. ಯಾವಳೋ ಮೆಟ್ಕೊಂಡು ಹೋಗವಳೆ. ಸಂಜೆ ನೋಡಿದ್ರೆ ಬಾಗ್ಲಲ್ಲಿ ಬಿದ್ದಿದ್ವು." ಎಲ್ಲರೂ ಅಯ್ಯೋ ಅಂದರು, ನಂಬಿದರು. ನಮ್ಮೂರಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ನಾನು ಆ ಹೊತ್ತಿನಲ್ಲಿ ಹಿಟ್ಟಿನ ಗಿರಣಿಯಲ್ಲಿದ್ದೆ, ನನಗೇನು ಗೊತ್ತು.

ಎಣ್ಣೆ ಆರಿ ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಗಾಣದ ಮನೆಯ ನಂಜೇಗೌಡರು ಬಂದರು. ಅವರ ಮಗಳ ಮದುವೆ ಭಾನುವಾರ. ಜಗಲಿಯ ತುದಿಯಲ್ಲಿ ಕೂತು, ಟವೆಲ್ಲಿನಿಂದ ಕತ್ತು ಒರೆಸಿಕೊಂಡು, ಬಹಳ ಹೊತ್ತು ಬಿಸಿಲಿನ ಬಗ್ಗೆ ಮಾತಾಡಿದರು.

"ಅದೇನು ಹೇಳ್ಬೇಕು ಅಂತ ಬಂದ್ರಿ, ಅದನ್ನ ಹೇಳಿ ಗೌಡ್ರೇ," ಅಂದಳು ಅತ್ತೆ.

"ನಿಮ್ಮ ಮ್ಯಾಲೆ ನಂಗೆ ಅನುಮಾನ ಇಲ್ಲ ತಾಯಕ್ಕ. ಚಪ್ಪಲಿ ಮ್ಯಾಲೆ ಅನುಮಾನ. ಬೀಗರು ದೂರದವರು. ಅವರ ಮುಂದೆ ಇನ್ಯಾವಳೋ ಬಂದು ಸಪ್ಪೆ ಹುಳಿಗೆ ಬಡಿಸಿ ಅಂದ್ರೆ ನನ್ನ ಗತಿ ಏನು? ಪ್ಯಾಟೆ ಬೀದೀಲಿ ಚಪ್ಪಲಿ ಕಾಯೋ ಮೂರು ಅಂಗಡಿ ಅವೆ. ಯಾವುದ್ರಲ್ಲಾದ್ರೂ ಕಾವಲು ಮಾಡಿಸ್ಕೊಂಡು ಬಂದ್ಬಿಡಿ. ಇಲ್ದಿದ್ರೆ..." ಗೌಡರು ನೆಲ ನೋಡಿದರು. "ಕೆಳಗೇರಿ ಸುಬ್ಬಮ್ಮನ್ನ ಕರೀಬೇಕಾಯ್ತದೆ."

"ಯಾರು, ಆ ಪಾಯಸಕ್ಕೆ ಮೆಣಸು ಹಾಕ್ಸಿದ ಸುಬ್ಬೀನಾ!"

"ಅವಳ ಚಪ್ಪಲಿಗೆ ಕಾವಲೈತಲ್ಲಕ್ಕ," ಅಂದರು ಗೌಡರು, ಬಹಳ ನೋವಿನಿಂದ.

ಅವರು ಹೋದ ಮೇಲೆ ಅತ್ತೆ ನನ್ನನ್ನು ನೋಡಿದಳು. ಒಮ್ಮೆ ಸೌಟು ಬೇರೆಯವರ ಕೈಗೆ ಹೋದರೆ ತಿರುಗಿ ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಹೊಂಬಾಳಿ, ನೀನೇ ಹೋಗಿ ನೋಡ್ಕೊಂಡು ಬಾ ಮಗ. ನಾನು ಹೋದ್ರೆ ನನಗೆ ತೋರ್ಸೋದೇ ಒಂದು, ಮಾಡೋದೇ ಒಂದು. ನಿನ್ನ ಮುಂದೆ ಯಾರೂ ಹುಷಾರಾಗಿರಲ್ಲ."

ಅದು ನಿಜ. ನಾನು ಇದ್ದೇನೆ ಎನ್ನುವುದು ಜನಕ್ಕೆ ನೆನಪಿರುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ "ಬಂದಿದ್ದೀನಿ ಸಾ" ಅನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಎದುರಿಗೇ ಕೂತು ವರ್ಷವೆಲ್ಲ ಗೈರುಹಾಜರಾದೆ. ಹೇಗೂ ಇಲ್ಲದವಳು, ಹೋಗುವುದೇಕೆ ಎಂದು ಆಮೇಲೆ ನಿಜವಾಗಿಯೂ ಬಿಟ್ಟೆ.

ಮೊದಲನೆಯದು ದೇವೀರಪ್ಪನ ಬೀಗದ ಅಂಗಡಿ. ಗೋಡೆಯುದ್ದಕ್ಕೂ ಕಬ್ಬಿಣದ ಬೀರು, ಒಂದೊಂದು ಗೂಡಿಗೂ ಒಂದೊಂದು ಬೀಗ. ತಿಂಗಳಿಗಿಷ್ಟು ಎಂದು ಕೊಟ್ಟರೆ, ನೀವು ಸಂತೆಗೋ ಮದುವೆಗೋ ಹೋದಾಗ ಅವನ ಆಳುಗಳು ಚಪ್ಪಲಿಯನ್ನು ಗೂಡಿನಲ್ಲಿಟ್ಟು ತಗಡಿನ ಬಿಲ್ಲೆ ಕೊಡುತ್ತಾರೆ. "ಆನೆ ತುಳಿದ್ರೂ ತೆರೆಯಲ್ಲ," ಎಂದು ಅವನು ಒಬ್ಬ ಗಿರಾಕಿಗೆ ಬೀರುವಿನ ಬಾಗಿಲು ಬಡಿದು ತೋರಿಸುತ್ತಿದ್ದ. ನಾನು ಕಂಬದ ಪಕ್ಕ ನಿಂತಿದ್ದೆ. ಬಿಲ್ಲೆ ಹಿಡಿದು ಬಂದವರಿಗೆಲ್ಲ ಅವನು ರೇಡಿಯೋ ಕೇಳುತ್ತಲೇ, ತಲೆ ಎತ್ತದೆ, ಚಪ್ಪಲಿ ತೆಗೆದುಕೊಡುತ್ತಿದ್ದ. ಬರಿಗಾಲಲ್ಲಿ ಬಂದ ಒಬ್ಬಾತ ನೆಲದ ಮೇಲೆ ಬಿದ್ದಿದ್ದ ಬಿಲ್ಲೆಯೊಂದನ್ನು ಎತ್ತಿ ಕೊಟ್ಟು, ಯಾರದೋ ಜರಿಯ ಚಪ್ಪಲಿ ಮೆಟ್ಟಿಕೊಂಡು, ಪಟೇಲರಾಗಿ ಹೊರಗೆ ನಡೆದ. ದೇವೀರಪ್ಪ ಎದ್ದು ನಿಂತು ಕೈಮುಗಿದ.

ಎರಡನೆಯದು ಪುಟ್ಟಸ್ವಾಮಿಯವರ ಸಾಕ್ಷಿ ಅಂಗಡಿ. ಎಲ್ಲಕ್ಕಿಂತ ದೊಡ್ಡ ಬೋರ್ಡು ಅದರದೇ. ಹೋದವರಿಗೆ ನೀರುಮಜ್ಜಿಗೆ ಕೊಡುತ್ತಾರೆ, ಕರಿಬೇವು ಇಂಗು ಎಲ್ಲ ಹಾಕಿ. ನಿಮ್ಮ ಚಪ್ಪಲಿ ಕದ್ದು ಯಾರಾದರೂ ನಿಮ್ಮ ಹೆಸರು ಕೆಡಿಸಿದರೆ, ಪುಟ್ಟಸ್ವಾಮಿ ಬಿಳಿ ಪಂಚೆಯ ನಾಲ್ವರು ಹಿರಿಯರನ್ನು ಮನೆಮನೆಗೂ ಕಳಿಸಿ "ಅದು ಅವರಲ್ಲ, ಅವರು ಅಂಥವರಲ್ಲ" ಎಂದು ಹೇಳಿಸುತ್ತಾರೆ, ಹೋದ ಮಾನ ವಾಪಸು. ನಾನು ಮಜ್ಜಿಗೆ ಲೋಟ ಇಡಲು ಹಿತ್ತಲಿಗೆ ಹೋದೆ. ನಾಲ್ವರೂ ಅಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದರು. "ಇವತ್ತು ಯಾರ ಮನೇದಪ್ಪಾ?" ಎಂದು ಒಬ್ಬರು ಕೇಳಿದರು. "ಯಾರದಾದ್ರೇನು, ಹೇಳೋದು ಅದೇ ತಾನೆ," ಎಂದು ಇನ್ನೊಬ್ಬರು ಉಗುಳಿದರು. ಆದರೂ ಮಜ್ಜಿಗೆ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಮೂರನೆಯದು ಗೆಜ್ಜೆ ಚಂದ್ರವ್ವನದು. ಬೋರ್ಡಿಲ್ಲ, ಒಂದು ಚಾಪೆ, ಒಂದು ಉಳಿ, ಒಂದು ಬುಟ್ಟಿ ಜೇಡಿಮಣ್ಣು. ಮಣ್ಣಿನ ಮೇಲೆ ನಿಮ್ಮನ್ನು ನಿಲ್ಲಿಸಿ ಪಾದದ ಅಚ್ಚು ತೆಗೆದು, ಚಪ್ಪಲಿಯ ತಳವನ್ನು ಆ ಅಚ್ಚಿಗೆ ಸರಿಯಾಗಿ ಕೊರೆದು, ಒಳಗೊಂದು ಪುಟ್ಟ ಗೆಜ್ಜೆ ಹೊಲಿಯುತ್ತಾಳೆ. ನಿಮ್ಮ ಕಾಲಿದ್ದರೆ ಅದು ಮಲಗಿರುತ್ತದೆ. ಬೇರೆಯವರ ಕಾಲು ಕೂತರೆ ತಳ ಅಲುಗಿ ಗಲ್ ಎನ್ನುತ್ತದೆ. ಗೆಜ್ಜೆ ನುಡಿದರೆ ಮೆಟ್ಟಿದವರು ನಿಂತಲ್ಲೇ ಚಪ್ಪಲಿ ಬಿಡಬೇಕು, ಅದು ಊರಿನ ಕಟ್ಟಳೆ. ಚಂದ್ರವ್ವ ಒಬ್ಬಳೇ ನನ್ನನ್ನು ಕಂಡವಳು. "ಏನವ್ವ, ಆಗ್ಲಿಂದ ನೋಡ್ತಾ ನಿಂತಿದ್ದೀಯ. ನಿಂಗೂ ಹೇಳ್ತೀನಿ ಕೇಳು. ಕಳ್ಳತನ ತಡೆಯೋದು ನನ್ನ ಕೈಲಾಗಲ್ಲ. ಆದ್ರೆ ಆದದ್ದು ಊರಿಗೇ ಕೇಳ್ತದೆ. ಮನೇಲಿದ್ದಾಗ ಎರಡು ಚಪ್ಪಲೀನೂ ಸೇರ್ಸಿ ದಾರದಲ್ಲಿ ಕಟ್ಟಿಡು. ಅರ್ಧ ಕಳ್ಳತನ ಅಲ್ಲೇ ನಿಲ್ತದೆ. ಅದಕ್ಕೆ ನಾನು ಕಾಸು ಕೇಳಲ್ಲ. ಮಿಕ್ಕರ್ಧಕ್ಕೆ ಗೆಜ್ಜೆ."

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ನಾನು ಅಷ್ಟು ಮಾತಾಡುವುದು ಅವಳ ಮುಂದೆ ಮಾತ್ರ.

"ಆ ಸಾಕ್ಷಿ ಅಂಗಡೀನೇ ವಾಸಿ ಅನ್ನಿಸ್ತದಲ್ಲೇ," ಅಂದಳು ಅತ್ತೆ. "ಏನಾದ್ರೂ ಆದ್ರೆ ಅದು ಅವಳಲ್ಲ ಅಂತ ಹೇಳೋಕೆ ನಾಕು ಜನ ಇರ್ತಾರೆ."

"ಬೇಡ ಅತ್ತೆ. ಗೆಜ್ಜೆ."

"ಗೆಜ್ಜೆ ಬಾಯಿಬಡುಕಿ ಕಣೇ."

"ನೀನೇ ಮೆಟ್ಟಿರೋವಾಗ ಅದ್ಯಾಕೆ ಬಾಯಿ ಬಿಡ್ತದೆ?" ಎಂದೆ. ಅತ್ತೆ ಸೆರಗಿನ ಗಂಟು ಬಿಚ್ಚಿ ಕಾಸು ಎಣಿಸಿದಳು. ಚಂದ್ರವ್ವ ಬಂದು ಅಚ್ಚು ತೆಗೆದು, ಗೆಜ್ಜೆ ಹೊಲಿದು ಹೋದಳು. ನಂಜೇಗೌಡರು ಸುದ್ದಿ ಕೇಳಿ ಒಂದು ಡಬ್ಬಿ ಎಳ್ಳೆಣ್ಣೆ ಕಳಿಸಿದರು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅತ್ತೆಗೆ ಸೊಪ್ಪಿನ ಸಾರು, ಮುದ್ದೆ ಬಡಿಸಿದೆ. ಅವಳು ಉಂಡು, ಬೆರಳು ನೆಕ್ಕಿ, "ಹದವಾಗೈತೆ," ಅಂದಳು. ನಾನು ಎದುರು ಕೂತು ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ.

ತುತ್ತು ಬಾಯಲ್ಲೇ ಉಳಿಯಿತು. ಅತ್ತೆ ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ಮೂಲೆಯಲ್ಲಿದ್ದ ಉಪ್ಪಿನ ಮಡಕೆ ನೋಡಿದಳು. ಅಲ್ಲಿಗೆ ಇಬ್ಬರಿಗೂ ಎಲ್ಲ ತಿಳಿಯಿತು.

"ಹೋದ ತಿಂಗಳು ಆ ಜ್ವರ ಬಂದು ಹೋದಾಗಿಂದ," ಅಂದಳು ನಿಧಾನವಾಗಿ. "ಖಾರ ಗೊತ್ತಾಗ್ತದೆ, ಬಿಸಿ ಗೊತ್ತಾಗ್ತದೆ. ಉಪ್ಪು ಮಾತ್ರ ಬಾಗ್ಲಿಂದಾಚೆಗೆ ನಿಂತ್ಕಬುಟ್ಟೈತೆ. ಇವತ್ತು ಬರ್ತದೆ, ನಾಳೆ ಬರ್ತದೆ ಅಂತ ಕಾಯ್ತಾ ಇವ್ನಿ."

ಅವಳ ಕಣ್ಣು ತುಂಬಿತು. ನನಗೂ ಅಳು ಬರಬೇಕಿತ್ತು. ಆದರೆ ಕುಂಬಾರ ಬೀದಿಯ ಜನವೆಲ್ಲ ತಲೆ ತಗ್ಗಿಸಿ ಸಪ್ಪೆ ಹುಳಿ ಸುರಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಾಗಿ ನಗು ಒತ್ತರಿಸಿಕೊಂಡು ಬಂತು. ತಡೆದೆ, ಆಗಲಿಲ್ಲ. ಅತ್ತೆ ಒಂದು ಕ್ಷಣ ದುರುಗುಟ್ಟಿ ನೋಡಿ, ಆಮೇಲೆ ತಾನೂ ನಕ್ಕಳು. ಇಬ್ಬರೂ ಮುದ್ದೆ ಆರುವ ತನಕ ನಕ್ಕೆವು.

ನಗು ನಿಂತ ಮೇಲೆ ಅವಳು ಹೇಳಿದಳು: "ನಾಳೆ ನನ್ನ ಚಪ್ಪಲಿ ನೀನು ಮೆಟ್ಕೊ. ನಿನ್ನ ನಾಲಿಗೆ ಚೆಂದಾಗೈತೆ, ಹುಟ್ಟಿದಾಗಿಂದ ಖರ್ಚೇ ಮಾಡಿಲ್ಲ."

"ಗೆಜ್ಜೆ?" ಎಂದೆ.

ನಾನೇ ಆರಿಸಿ ತಂದ ಕಾವಲು, ಈಗ ನಮಗೇ ಅಡ್ಡ ನಿಂತಿತ್ತು. ಬಿಚ್ಚಿಸೋಣವೆಂದರೆ ಚಂದ್ರವ್ವ ಕಾರಣ ಕೇಳುತ್ತಾಳೆ. ಅರಳೆ ತುರುಕಿ ನೋಡಿದೆವು, ಉದುರಿತು. ಕೊನೆಗೆ ಅತ್ತೆ ಬೆಲ್ಲದ ಪಾಕ ಕಾಯಿಸಿ ಗೆಜ್ಜೆಯ ಬಾಯಿಗೆ ಹೊಯ್ದಳು. ಆರಿದ ಮೇಲೆ ಅದು ಕಲ್ಲಿನಂತಾಯಿತು. ನಾನು ಮೆಟ್ಟಿ ಅಂಗಳದಲ್ಲಿ ಓಡಾಡಿದೆ. ಸದ್ದಿಲ್ಲ. ಒಂದೆರಡು ಇರುವೆ ಬಂದು ನೋಡಿಕೊಂಡು ಹೋದವು, ಅಷ್ಟೆ.

ಭಾನುವಾರ ನಾನು ಅತ್ತೆಯಾಗಿ ಹೊರಟೆ, ಅತ್ತೆ ನನ್ನ ಸವೆದ ಚಪ್ಪಲಿ ಮೆಟ್ಟಿ ಹೊಂಬಾಳಿಯಾಗಿ ಹಿಂದೆ ಬಂದಳು. ಬೀದಿಯಲ್ಲಿ ಕಾಲು ಚಾಚಿದವರು ಮಡಿಸಿಕೊಂಡರು. ಚಪ್ಪರದ ಬಾಗಿಲಲ್ಲಿ ನಂಜೇಗೌಡರು, "ಬರ್ಬೇಕು ಬರ್ಬೇಕು ತಾಯಕ್ಕ," ಎಂದು ಪನ್ನೀರು ಚಿಮುಕಿಸಿದರು. ಇಷ್ಟು ಜನ ನನ್ನ ಮುಖ ನೋಡುತ್ತಿದ್ದಾರಲ್ಲ ಎಂದು ಮೊದಲು ತಲೆ ತಗ್ಗಿಸಿದೆ. ಆಮೇಲೆ, ನೋಡುತ್ತಿರುವುದು ನನ್ನನ್ನಲ್ಲವಲ್ಲ ಎಂದು ನೆನಪಾಗಿ ಹಗುರಾದೆ. "ಏನ್ ಗೌಡ್ರೇ, ಮಗಳ ಮದ್ವೆನೋ ನಿಮ್ಮದೋ, ಮೀಸೆಗೆ ಎಣ್ಣೆ ಜಾಸ್ತಿ ಆಗೈತೆ!" ಎಂದೆ. ಚಪ್ಪರವೇ ನಕ್ಕಿತು. ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆ ಬರಲಿಲ್ಲ.

ಹಿಂತಿರುಗಿ ನೋಡಿದರೆ ಅತ್ತೆಯನ್ನು ಯಾರೋ ಮೂಲೆಗೆ ಕೂರಿಸಿ, "ಏ ಹುಡುಗಿ, ಸುಮ್ನೆ ನಿಂತಿದ್ದೀಯಲ್ಲ, ಕೋಸಂಬರಿಗೆ ಸೌತೆಕಾಯಿ ಹೆಚ್ಚು," ಎಂದು ಈಳಿಗೆಮಣೆ ಕೊಟ್ಟಿದ್ದರು. ಅತ್ತೆ ಉತ್ತರ ಕೊಡಲು ಬಾಯಿ ತೆರೆದು, ತಾನು ಯಾರೆಂದು ನೆನಪಾಗಿ ಮುಚ್ಚಿಕೊಂಡಳು. ಅವಳ ಕೆನ್ನೆ ಕೆಂಪಾಗಿತ್ತು. ಇಡೀ ಬೆಳಿಗ್ಗೆ ಎಲ್ಲರೂ ಅವಳನ್ನು ದಾಟಿಕೊಂಡು ಓಡಾಡಿದರು.

ಅಡುಗೆಯ ಸೋಮಣ್ಣ ಅಂಗೈಗೆ ಹುಳಿ ಹಾಕಿದ. ಕಣ್ಣು ಮುಚ್ಚಿ ಕುಡಿದೆ. ಬೇಳೆ ಸರಿ, ಹುಣಸೆ ಸರಿ. "ಉಪ್ಪು ಸಾಲ್ದು ಸೋಮಣ್ಣ. ಒಂದು ಹಿಡಿ ಹಾಕಿ ತಿರುವು." ಅವನು ಹಾಕಿದ, ತಿರುವಿದ, ತಾನೂ ರುಚಿ ನೋಡಿ ತಲೆದೂಗಿದ. "ಪಾಯಸ ಆ ಕಡೆ ಒಲೇಲೈತೆ ತಾಯಮ್ಮೋರೇ, ಬನ್ನಿ," ಎಂದು ದೊಡ್ಡ ಒಲೆಗಳ ನಡುವೆ ಕರೆದುಕೊಂಡು ಹೋದ. ಅಲ್ಲಿ ಸೌದೆ ಧಗಧಗ ಉರಿಯುತ್ತಿತ್ತು. ಪಾಯಸ ಕುದಿಯಲೆಂದು ನಾನು ಕಾಯುತ್ತ ನಿಂತೆ. ಅಂಗಾಲಿನ ಕೆಳಗೆ ಏನೋ ಅಂಟಂಟಾಯಿತು. ಬೆಲ್ಲ ಎಂದು ಹೊಳೆಯುವಷ್ಟರಲ್ಲಿ ಕಾಲು ಎತ್ತಿಬಿಟ್ಟಿದ್ದೆ.

ಗಲ್!

ಓಲಗ ನಿಂತಿತು. ಇನ್ನೊಂದು ಹೆಜ್ಜೆ ಇಟ್ಟೆ. ಗಲ್ ಗಲ್!

"ನಮ್ಮ ಗೆಜ್ಜೆ!" ಹೆಂಗಸರ ಸಾಲಿನಿಂದ ಚಂದ್ರವ್ವ ಎದ್ದು ಓಡಿಬಂದಳು. "ನಮ್ಮ ಗೆಜ್ಜೆ ಕಣ್ರಪ್ಪೋ! ಕೇಳಿಸ್ತಾ ಎಲ್ಲರ್ಗೂ? ಎಷ್ಟು ಚೆಂದಾಗಿ ನುಡೀತು ನೋಡಿ!" ಅವಳ ಕಣ್ಣಲ್ಲಿ ಆನಂದದ ನೀರು. ಊಟಕ್ಕೆ ಬಂದಿದ್ದ ಪುಟ್ಟಸ್ವಾಮಿಯವರ ಹಿರಿಯರಲ್ಲಿ ಒಬ್ಬರು ಅಭ್ಯಾಸಬಲದಿಂದ ಎದ್ದು, "ಅದು ಅವರಲ್ಲ, ಅವರು ಅಂಥವರಲ್ಲ," ಎಂದು ಶುರು ಮಾಡಿದರು. "ಕೂತ್ಕೊಳ್ರಿ ತಾತ, ನಿಮಗ್ಯಾರೂ ದುಡ್ಡು ಕೊಟ್ಟಿಲ್ಲ," ಎಂದು ಯಾರೋ ಎಳೆದು ಕೂರಿಸಿದರು.

ಕಟ್ಟಳೆಯಂತೆ ನಾನು ಚಪ್ಪಲಿ ಬಿಟ್ಟೆ. ಚಪ್ಪರದ ಜನ ಒಂದು ಬರಿಗಾಲಿನ ಹುಡುಗಿಯನ್ನು ನೋಡಿ ಯಾವೂರಿನವಳೋ ಎಂದುಕೊಂಡರು. ನನ್ನ ನಾಲಿಗೆ ಮತ್ತೆ ಹಳೆಯ ಜಾಗಕ್ಕೆ ಹೋಗಿ ಅಂಟಿಕೊಂಡಿತು.

"ಯಾವಳೇ ನೀನು? ತಾಯಕ್ಕ ಎಲ್ಲಿ?" ಗೌಡರು ಕೂಗಿದರು.

"ಇಲ್ಲೇ ಅವ್ಳೆ!" ಮೂಲೆಯಿಂದ ಹೊಂಬಾಳಿಯ ದನಿ ಬಂತು. ಹೊಂಬಾಳಿ ಕೂಗಿದ್ದನ್ನು ಊರು ಅದುವರೆಗೂ ಕೇಳಿರಲಿಲ್ಲ. ಗೆಜ್ಜೆಗಿಂತ ಅದಕ್ಕೇ ಹೆಚ್ಚು ಬೆಚ್ಚಿಬಿದ್ದರು. ಅತ್ತೆ ಈಳಿಗೆಮಣೆ ಮಡಿಸಿಟ್ಟು, ನನ್ನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ನಡುವೆ ಬಂದು ನಿಂತಳು. ಈಗ ಜನರ ಮುಂದೆ ಎರಡು ಜೊತೆ ಚಪ್ಪಲಿ, ಇಬ್ಬರು ಅಪರಿಚಿತರು.

"ನಾನು ತಾಯಮ್ಮ. ನೀವು ನಂಬಿದ್ರೂ ಸರಿ, ಬಿಟ್ರೂ ಸರಿ. ಕುಂಬಾರ ಬೀದಿ ನಾಮಕರಣದ ದಿನ ನನ್ನ ಚಪ್ಪಲಿ ಯಾರೂ ಕದೀಲಿಲ್ಲ. ಸಪ್ಪೆ ಹುಳಿಗೆ ಬಡಿಸಿ ಅಂದವಳು ನಾನೇ. ನನ್ನ ನಾಲಿಗೇಲಿ ಉಪ್ಪು ನಿಲ್ತಾ ಇಲ್ಲ. ಸುಳ್ಳು ಹೇಳಿದ್ದು ನಾನು, ಇವಳಿಗೆ ಚಪ್ಪಲಿ ಮೆಟ್ಟಿಸಿದ್ದೂ ನಾನು."

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರ ಮೀಸೆ ನಡುಗುತ್ತಿತ್ತು. ಆಗ ಸೋಮಣ್ಣ ಸೌಟು ಹಿಡಿದು ಮುಂದೆ ಬಂದ. "ಚಪ್ಪಲಿ ವಿಚಾರ ನಂಗೊತ್ತಿಲ್ಲ ಗೌಡ್ರೇ. ಈ ಮಗ ಒಂದು ಹಿಡಿ ಉಪ್ಪು ಅಂತು, ಹಾಕ್ದೆ. ನೀವೇ ನೋಡಿ." ಗೌಡರು ಅಂಗೈ ಒಡ್ಡಿ ಕುಡಿದರು. ಮತ್ತೆ ಅಂಗೈ ಒಡ್ಡಿದರು. ಮೂರನೇ ಸಲ ಒಡ್ಡಿದಾಗ ಬೀಗರೂ ಒಡ್ಡಿದರು.

"ಹಸೀತಾ ಐತೆ," ಎಂದು ಬೀಗರಲ್ಲಿ ಒಬ್ಬ ಮುದುಕರು ಎಲ್ಲರಿಗೂ ಕೇಳುವಂತೆ ಅಂದರು. "ಬಡಿಸಿ ಅನ್ನೋರು ಯಾರಾದ್ರೂ ಇದ್ದಾರೋ ಇಲ್ವೋ ಈ ಊರಲ್ಲಿ?"

ಅತ್ತೆ ಬಗ್ಗಿ ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟಳು. ಅವಳದಲ್ಲ, ನನ್ನದು. ಎಣ್ಣೆಯನ್ನೇ ಕಾಣದ, ಹಿಮ್ಮಡಿ ಸವೆದ ನನ್ನ ಚಪ್ಪಲಿ. "ಮೆಟ್ಕೊ," ಅಂದಳು. "ಬೆಳಿಗ್ಗೆಯಿಂದ ನೀನಾಗಿ ಕೂತಿದ್ದೆ ಕಣೇ. ಈ ಜನ ನಿನ್ನ ಮ್ಯಾಲೆ ಈಳಿಗೆಮಣೆ ಎಸೆದು ಹೋಯ್ತಾರೆ. ಇನ್ನು ಸಾಕು."

ಮೆಟ್ಟಿದೆ. ಚಪ್ಪರದಲ್ಲಿ ಪಿಸುಮಾತು ಹಬ್ಬಿತು. ಓ, ಇದು ಹೊಂಬಾಳಿ, ನಮ್ಮ ತಾಯಮ್ಮನ ಹೊಂಬಾಳಿ. ಈಗ ನೋಡುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ಬಚ್ಚಿಟ್ಟುಕೊಳ್ಳಲು ಯಾರ ಮುಖವೂ ಇರಲಿಲ್ಲ. ಸೋಮಣ್ಣ ಅಂಗೈಗೆ ಪಾಯಸ ಹಾಕಿದ. ಕುಡಿದೆ. ಏಲಕ್ಕಿ ಮೂಗಿಗೆ ಹತ್ತಿತು, ಗಸಗಸೆ ನುಣ್ಣಗಿತ್ತು, ಬೆಲ್ಲ ಎಷ್ಟು ಬೇಕೋ ಅಷ್ಟೇ ಇತ್ತು.

"ಬಡಿಸಿ," ಎಂದೆ.

"ಏನು?" ಸೋಮಣ್ಣ ಕಿವಿಗೆ ಕೈ ಒಡ್ಡಿದ.

"ಬಡಿಸೀ!"

ಓಲಗದವರು ಬೆಚ್ಚಿ ಊದಲು ಶುರು ಮಾಡಿದರು. ಹುಡುಗರು ಎಲೆಯ ಕಟ್ಟು ಎತ್ತಿಕೊಂಡು ಓಡಿದರು, ಹಂಡೆಗಳು ಎದ್ದವು, ಬಕೀಟುಗಳು ಸಾಲಿನ ಮೇಲೆ ಸಾಗಿದವು. ಚಂದ್ರವ್ವ ಎಡಕ್ಕೂ ಬಲಕ್ಕೂ ಗೆಜ್ಜೆಯ ಕತೆ ಹೇಳುತ್ತಲೇ ಉಣ್ಣುತ್ತಿದ್ದಳು, ದೇವೀರಪ್ಪ ಅವಳ ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದ. ಅತ್ತೆಯನ್ನು ಗೌಡರು ಕೈಹಿಡಿದು ಬೀಗರ ಸಾಲಿನಲ್ಲೇ ಕೂರಿಸಿದರು. ಅವಳು ಪ್ರತಿ ತುತ್ತಿಗೂ ಎದುರಿಗಿದ್ದವರ ಮುಖ ನೋಡಿ, ಅವರ ಹುಬ್ಬು ಏರಿದರೆ ತಾನೂ ಏರಿಸಿ, ಅವರು ಚಪ್ಪರಿಸಿದರೆ ತಾನೂ ಚಪ್ಪರಿಸಿ, ಯಾರಿಗಿಂತಲೂ ಸಂತೋಷವಾಗಿ ಉಣ್ಣುತ್ತಿದ್ದಳು. ಹುಳಿ ಎರಡನೇ ಸಲ ಬಂತು, ಮೂರನೇ ಸಲವೂ ಬಂತು, ಯಾರೂ ಬೇಡವೆನ್ನಲಿಲ್ಲ. ನಾನು ಸಾಲಿನ ತುದಿಯಲ್ಲಿ ನಿಂತು ನೋಡಿದೆ. ಕೊನೆಯ ತನಕ ಒಂದು ಜಾಗವೂ ಖಾಲಿಯಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಯಿ ತುಂಬಿದವರು, ಸೌಟು ಹಿಡಿದು ಓಡುವವರು, ಊದುವವರು, ಯಾರಿಗೂ ತಲೆ ಎತ್ತುವಷ್ಟು ಬಿಡುವಿರಲಿಲ್ಲ. ಒಂದು ಸಲ ಕೇಳಿದೆ. ಆಮೇಲೆ ನಗು ತಡೆಯಲಾಗದೆ, ಚಪ್ಪರದ ಆಚೆಗೂ ಕೇಳುವಷ್ಟು ಜೋರಾಗಿ, ಮತ್ತೆ ಕೇಳಿದೆ:

"ನನಗೂ ಒಂದು ಎಲೆ ಹಾಕ್ರಪ್ಪೋ!"